ಒಳ್ಳೆಯ ಕೈ ಕಟ್ಟಿದ್ದು

21 ಅಕ್ಟೋಬರ್ 2024, ಸೋಮವಾರ, ಸಾಗರ

ಈ ಡೈರಿ ಔಷಧಿ ಕಂಪನಿಯವನು ಜನವರಿಯಲ್ಲಿ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಮೊಣಕಾಲು ನೋವಿನ ಮಾತ್ರೆಯ ಜಾಹೀರಾತು ಇದೆ. ಇಷ್ಟು ತಿಂಗಳು ಇದನ್ನು ಮುಟ್ಟಿರಲಿಲ್ಲ. ಇವತ್ತು ತೆರೆದದ್ದು ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತಿರುವುದರಿಂದ, ಮತ್ತು ಈ ಬಾಡಿಗೆ ಮನೆಯಲ್ಲಿ ಅಡುಗೆಮನೆಯ ಪಿಸುಮಾತೂ ನಡುಮನೆಗೆ ಕೇಳಿಸುವುದರಿಂದ.

ಅಮ್ಮನನ್ನು ಹೊಸನಗರದಿಂದ ಕರೆತಂದೆ. ಜುಲೈಯಲ್ಲಿ ಮಿದುಳಿನ ಎಡ ಅರ್ಧಕ್ಕೆ ರಕ್ತ ಹೋಗುವುದು ನಿಂತು ಅವಳ ಬಲಗೈ ಬಿದ್ದುಹೋಯಿತು. ಕಾಲು ಸುಧಾರಿಸಿದೆ, ಮಾತು ಸ್ವಲ್ಪ ತೊದಲುತ್ತದೆ, ಕೈ ಮಾತ್ರ ಹೊಟ್ಟೆಗೆ ಒತ್ತಿಕೊಂಡೇ ಇರುತ್ತದೆ. ಊರಿನಲ್ಲಿ ಅವಳು ಚಿತ್ತಾರದ ಗುತ್ಯಮ್ಮ. ನಮ್ಮಲ್ಲಿ ಮದುವೆ ಮನೆಯ ಹಸೆಗೋಡೆಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ, ಅದರ ಮುಂದೆ ಮದುಮಕ್ಕಳನ್ನು ಕೂರಿಸುತ್ತಾರೆ. ಫೆಬ್ರವರಿಯಲ್ಲಿ ನನ್ನ ತಮ್ಮ ಹರ್ಷವರ್ಧನನ ಮದುವೆ. ಆ ಗೋಡೆಯನ್ನು ತಾನೇ ಬರೆಯಬೇಕೆಂದು ಅಮ್ಮನ ಹಟ. ಬರೆಸಿಯೇ ಬಿಡುತ್ತೇನೆ ಎಂದು ನನ್ನ ಹಟ.

ಜೊತೆಗೆ ರಂಗಮ್ಮ ಚಿಕ್ಕಮ್ಮನೂ ಬಂದಿದ್ದಾಳೆ. ಕರೆದಿರಲಿಲ್ಲ. ಅಮ್ಮನ ತಂಗಿ, ಗಂಡ ತೀರಿಕೊಂಡ ಮೇಲೆ ಅಕ್ಕನ ಜೊತೆಗೇ ಇದ್ದಾಳೆ. ಅವಳ ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ, ಅದೂ ಅನುಮಾನ. ಅಮ್ಮನಿಗೆ ತುತ್ತಿಡುವವಳು, ತಲೆ ಬಾಚುವವಳು, ಅಮ್ಮನ ಮಾತು ಅರ್ಧಕ್ಕೆ ನಿಂತರೆ ಉಳಿದರ್ಧ ಮುಗಿಸುವವಳು ಅವಳೇ. “ಅಮ್ಮಾ, ಹಸಿವಾ?” ಎಂದು ಕೇಳಿದರೆ “ಅಕ್ಕಂಗೆ ಈಗ ಹಸಿವಿಲ್ಲ ಕಣೆ, ಬಸ್ಸಲ್ಲಿ ಬಾಳೆಹಣ್ಣು ತಿಂದಾಳೆ” ಎಂದು ಚಿಕ್ಕಮ್ಮ ಉತ್ತರ ಕೊಡುತ್ತಾಳೆ. ನಾನು ಫಿಸಿಯೋಥೆರಪಿ ಓದಿದವಳು. ಬಿದ್ದ ಕೈಗೆ ಪಕ್ಕದಲ್ಲಿ ಕುಳಿತ ಸಹಾಯವೇ ದೊಡ್ಡ ಶತ್ರು ಎಂದು ದಿನಾ ಜನರಿಗೆ ಪಾಠ ಹೇಳುತ್ತೇನೆ. ಮನೆಯಲ್ಲಿ ಯಾರಿಗೆ ಹೇಳಲಿ.

4 ನವೆಂಬರ್, ಸೋಮವಾರ

ಅಮ್ಮನನ್ನು ನಮ್ಮ ಆಸ್ಪತ್ರೆಯ ಪಾರ್ಶ್ವವಾಯು ಅಧ್ಯಯನಕ್ಕೆ ಸೇರಿಸಿಕೊಂಡರು. ಸುಲಭವಾಗಿ ಅಲ್ಲ. ಅದನ್ನು ನಡೆಸುವ ಡಾಕ್ಟರ್ ಹರಿಪ್ರಸಾದ್ ಸ್ಕ್ಯಾನ್ ನೋಡಿ, “ಪೆಟ್ಟು ದೊಡ್ಡದಿದೆ ಸುಷ್ಮಾ, ನಮ್ಮ ನಿಯಮದ ಅಂಚಿನಲ್ಲಿದ್ದಾರೆ. ಮೇಲಾಗಿ ನಿಮ್ಮ ತಾಯಿ” ಎಂದರು. ಮಿದುಳಿಗೆ ಕಾಂತದ ಹೊಡೆತ ಕೊಡುವ ಯಂತ್ರವನ್ನು ಬೆಂಗಳೂರಿನ ಸಂಸ್ಥೆಯವರು ಒಂದು ವರ್ಷಕ್ಕೆ ಮಾತ್ರ ಕೊಟ್ಟಿದ್ದಾರೆ, ಜನ ಸಾಲುತ್ತಿಲ್ಲ, ಯಂತ್ರ ನಡೆಸಲು ಬರುವವಳು ನಾನೊಬ್ಬಳೇ. ಈ ಮೂರನ್ನೂ ಮೆಲ್ಲಗೆ ನೆನಪಿಸಿದೆ. ಒಪ್ಪಿದರು.

ಇವತ್ತು ಅಳತೆ. ಎಂಟರ ಆಕಾರದ ಸುರುಳಿಯನ್ನು ತಲೆಯ ಮೇಲೆ ಹಿಡಿದು ಗುಂಡಿ ಒತ್ತಿದರೆ ಟಕ್ ಎನ್ನುತ್ತದೆ. ಆ ಕಾಂತದ ಹೊಡೆತ ಬುರುಡೆ ದಾಟಿ ಮಿದುಳನ್ನು ತಟ್ಟುತ್ತದೆ, ಎದುರು ಕಡೆಯ ಹೆಬ್ಬೆರಳು ತಾನಾಗಿ ಹಾರುತ್ತದೆ. ಎರಡು ಸುರುಳಿ ಹಿಡಿದು, ಮೊದಲು ಒಂದು ಅರ್ಧಕ್ಕೆ, ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಇನ್ನೊಂದಕ್ಕೆ ಹೊಡೆದರೆ ಎರಡು ಅರ್ಧಗಳ ನಡುವಿನ ಸಂಬಂಧ ಕಾಣುತ್ತದೆ. ಆರೋಗ್ಯವಂತರಲ್ಲಿ ಎರಡೂ ಒಂದನ್ನೊಂದು ತಡೆದುಕೊಂಡು ಸಮವಾಗಿರುತ್ತವೆ. ಒಂದಕ್ಕೆ ಪೆಟ್ಟು ಬಿದ್ದರೆ ಇನ್ನೊಂದು ಮೆರೆಯುತ್ತದೆ, ಬಿದ್ದದ್ದನ್ನು ಏಳಗೊಡುವುದಿಲ್ಲ. ಮೆರೆಯುವುದನ್ನು ದಿನಾ ಸ್ವಲ್ಪ ಹೊತ್ತು ನಿಧಾನದ ಹೊಡೆತಗಳಿಂದ ಮಂಕು ಮಾಡಿದರೆ ಬಿದ್ದದ್ದು ಎದ್ದೀತು. ನಮ್ಮ ಅಧ್ಯಯನ ಇಷ್ಟೇ. ನಾನು ಇದನ್ನು ನಂಬುತ್ತೇನೆ. ಮಿದುಳಿನಲ್ಲಿ ಅಲ್ಲದಿದ್ದರೂ ಮನೆಗಳಲ್ಲಿ ನೋಡಿದ್ದೇನೆ.

ಕುರ್ಚಿಯಲ್ಲಿ ಕುಳಿತ ಅಮ್ಮ, “ಏನೇ ಇದು, ತಲೆ ಮೇಲೆ ಹಲ್ಲಿ ಕುಂತು ಲೊಚಗುಟ್ಟಿದಂಗಾಗ್ತದೆ” ಅಂದಳು. ನಡುವೆ ಕರೆಂಟು ಹೋಯಿತು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಅವಳು ಹುಟ್ಟಿದ ಮನೆ ಇದೆ. “ನಮ್ಮನೆ ಮುಳುಗ್ಸಿ ಮಾಡಿದ ಕರೆಂಟು, ನಂಗೇ ಇಲ್ಲ ನೋಡು” ಎಂದು ಕತ್ತಲಲ್ಲೇ ನಕ್ಕಳು. ಡಾಕ್ಟರೂ ನಕ್ಕರು.

ಅಳತೆ ಕೊಳಕಾಗಿ ಬಂತು. ಪೆಟ್ಟಾದ ಅರ್ಧಕ್ಕೆ ಎಷ್ಟು ಜೋರಾಗಿ ಹೊಡೆದರೂ ಬಲಗೈ ಸುಮ್ಮನಿತ್ತು. ಒಳ್ಳೆಯ ಅರ್ಧಕ್ಕೆ ಹೊಡೆದಾಗ ಎಡಗೈ ಹಾರಿತು, ಅದು ಸರಿ. ಆದರೆ ಪರದೆಯ ಮೇಲೆ ಬಲಗೈ ಸ್ನಾಯುವಿನ ಗೆರೆಯಲ್ಲೂ ಸಣ್ಣದೊಂದು ಅಲೆ ಬರುತ್ತಿತ್ತು. ಬರಬಾರದು. ಅಮ್ಮ ಅಲ್ಲಾಡಿರಬೇಕು. ಅಂಥ ಗೆರೆಗಳನ್ನೆಲ್ಲ ಲೆಕ್ಕಕ್ಕಿಲ್ಲದ ಗದ್ದಲವೆಂದು ಗುರುತು ಹಾಕಿ ಅಳಿಸಿದೆ.

9 ನವೆಂಬರ್, ಶನಿವಾರ

ಮಧ್ಯಾಹ್ನ ಮನೆಗೆ ಬಂದರೆ ಅಡುಗೆಮನೆಯ ಬಿಳಿ ಗೋಡೆಯ ಮೇಲೆ ಕೆಮ್ಮಣ್ಣಿನ ಗೆರೆ. ಚಿಕ್ಕಮ್ಮ ಊರಿನಿಂದ ಮಣ್ಣಿನ ಉಂಡೆಯನ್ನೂ ಪುಂಡಿನಾರಿನ ಕುಂಚವನ್ನೂ ಗಂಟಿನಲ್ಲಿ ತಂದಿದ್ದಾಳೆ. ಅಮ್ಮ ಸ್ಟೂಲಿನ ಮೇಲೆ ಕುಳಿತು, ಕುಂಚವನ್ನು ಬಲಗೈಯಲ್ಲಿ ಸಿಕ್ಕಿಸಿಕೊಂಡು, ಎಡಗೈಯನ್ನೂ ಗಾಳಿಯಲ್ಲಿ ಹಾಗೇ ಎಳೆಯುತ್ತಾ ಬರೆಯುತ್ತಿದ್ದಳು. ಎಡಗೈ ಹೋದಂತೆ ಬಲಗೈ ತೆವಳುತ್ತಿತ್ತು. ಚಿಕ್ಕಮ್ಮ ಗೋಡೆಯ ಆ ತುದಿಯಿಂದ ಬರೆಯುತ್ತಿದ್ದಳು. ಉದ್ದದ ಎಳೆಯನ್ನು ಅಕ್ಕತಂಗಿ ಯಾವತ್ತೂ ಹೀಗೆಯೇ ಬರೆಯುವುದು, ಎರಡು ತುದಿಯಿಂದ ಹೊರಟು ನಡುವೆ ಕೂಡುವುದು. ಕೂಡಿದ ಜಾಗ ಗೊತ್ತಾಗಬಾರದು ಎನ್ನುವುದು ಅವರ ಜಂಬ.

“ಇದು ಕಳ್ಳಾಟ. ಬರೀತಿರೋದು ಎಡಗೈ, ಬಲಗೈಯಲ್ಲ” ಅಂದೆ.

“ಯಾವ್ದಾರೆ ಆಗ್ಲಿ, ಗೆರೆ ಬಂತಲ್ಲ” ಅಂದಳು ಅಮ್ಮ.

“ಅಕ್ಕ ಬೆಳಗ್ಗಿಂದ ಎಷ್ಟು ಖುಷಿಯಾಗಿದ್ಲು ಗೊತ್ತಾ” ಎಂದು ಚಿಕ್ಕಮ್ಮ ಶುರು ಮಾಡಿದಳು.

ಬಾಡಿಗೆ ಮನೆ. ಒದ್ದೆ ಬಟ್ಟೆ ತಂದು ಒರೆಸಿದೆ. ಅಮ್ಮ ನೋಡುತ್ತಿದ್ದಳು. ಏನಾದರೂ ಹೇಳಲಿ ಎಂದು ನಾನು ಕಾಯಲಿಲ್ಲ.

17 ನವೆಂಬರ್, ಭಾನುವಾರ

ಚಿಕ್ಕಮ್ಮನನ್ನು ತೀರ್ಥಹಳ್ಳಿಯ ಮಗಳ ಮನೆಗೆ ಕಳಿಸಿದೆ. ಜಗಳ ಆಗಲೇಬೇಕಿತ್ತು, ಆಯಿತು. ಅಮ್ಮನಿಗೆ ಮೀನಿನ ಮುಳ್ಳು ಬಿಡಿಸಿ ಬಾಯಿಗಿಡುತ್ತಿದ್ದಳು. “ಮುಳ್ಳು ಬಿಡಿಸೋದೂ ವ್ಯಾಯಾಮವೇ ಚಿಕ್ಕಮ್ಮ, ನೀನು ಅಮ್ಮನ ಕೈಯನ್ನ ಕೊಲ್ತಿದ್ದೀಯಾ” ಎಂದೆ.

ತಟ್ಟೆ ಕೆಳಗಿಟ್ಟು, “ನಾ ಕೊಲ್ತೀನಾ” ಅಂದಳು. ಎದ್ದುಹೋಗಿ ತನ್ನ ಬಟ್ಟೆಗಳನ್ನು ಮಡಚತೊಡಗಿದಳು.

ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿ, “ಸ್ನಾನಕ್ಕೆ ಹದ ಬಿಸಿನೀರು ಕಣೆ, ಅಕ್ಕಂಗೆ ಆ ಕೈಯಲ್ಲಿ ಬಿಸಿ ಗೊತ್ತಾಗಲ್ಲ” ಎಂದಳು. ನನಗೆ ಗೊತ್ತಿಲ್ಲವೇ.

ಸಂಜೆಯಿಂದಲೇ ಶಿಸ್ತು. ನನ್ನ ಹಳೆಯ ನೀಲಿ ದುಪಟ್ಟಾದಲ್ಲಿ ಅಮ್ಮನ ಎಡಗೈಯನ್ನು ಸೊಂಟಕ್ಕೆ ಕಟ್ಟಿದೆ. ಒಳ್ಳೆಯ ಕೈ ಕಟ್ಟಿದರೆ ಕೆಟ್ಟ ಕೈ ಕೆಲಸ ಕಲಿಯಲೇಬೇಕು, ಪುಸ್ತಕದಲ್ಲಿರುವುದೇ. “ರಂಗಿ ಊರು ಮುಟ್ಟಿದ್ಲಾ?” ಎಂದು ಅಮ್ಮ ಎರಡು ಸಲ ಕೇಳಿದಳು. ಊಟ ಮುಗಿಯುವಷ್ಟರಲ್ಲಿ ಅನ್ನವೆಲ್ಲ ಆರಿತ್ತು.

25 ನವೆಂಬರ್, ಸೋಮವಾರ

ಚಿಕಿತ್ಸೆ ಶುರು. ಎರಡು ವಾರ, ಶನಿವಾರ ಭಾನುವಾರ ರಜೆ. ಚಿಕಿತ್ಸೆಗೆ ಬೇರೆ ಎರಡು ಸುರುಳಿಗಳಿವೆ, ಎ ಮತ್ತು ಬಿ. ಒಂದು ನಿಜದ್ದು, ಇನ್ನೊಂದು ಸುಳ್ಳು, ಬರೀ ಟಕ್ ಎನ್ನುತ್ತದೆ. ಯಾವುದು ಯಾವುದೆಂದು ಬೆಂಗಳೂರಿನವರಿಗೆ ಮಾತ್ರ ಗೊತ್ತು, ನನಗೂ ಡಾಕ್ಟರಿಗೂ ಗೊತ್ತಾಗಬಾರದು. ಅಮ್ಮನಿಗೆ ಬಿ ಬಂದಿದೆ. ಅವಳಿಗಿಂತ ಮೊದಲು ಕೂರುವ ಗಣೇಶಮೂರ್ತಿ ಮೇಷ್ಟರಿಗೆ ಎ.

ಮೇಷ್ಟರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು, ದೊಡ್ಡ ತೋಟದವರು. ಅವರದ್ದೂ ಬಲಗೈಯೇ, ಆದರೆ ಪೆಟ್ಟು ಸಣ್ಣದು. ಹೆಂಡತಿ ಮಹಾಲಕ್ಷ್ಮಮ್ಮ ಪಕ್ಕದಲ್ಲೇ ಇರುತ್ತಾರೆ. “ಎಂತಾತು, ನೋವಿದ್ದಾ?” ಎಂದು ಅವರು, “ಎಂತದೂ ಇಲ್ಲೆ, ನೀ ಸುಮ್ನೆ ಕೂತ್ಕ” ಎಂದು ಇವರು. ನನ್ನ ಜೊತೆ ಮಾತ್ರ ಪಾಠದ ಕನ್ನಡ. “ನಿಮ್ಮ ಅಜ್ಜ ಮಾಸ್ತಪ್ಪ ನಮ್ಮ ಗದ್ದೆ ಮಾಡ್ತಿದ್ದರು ಗೊತ್ತಾ ಮಗಳೇ? ಬಹಳ ನಿಯತ್ತಿನ ಮನುಷ್ಯ” ಎಂದರು. ಗೊತ್ತು. ಆ ನಿಯತ್ತು ಎಷ್ಟು ಚೀಲ ಭತ್ತ ತೂಗುತ್ತಿತ್ತು ಎಂಬುದೂ ಗೊತ್ತು.

ಎಲ್ಲರೂ ಹೋದ ಮೇಲೆ ಎರಡೂ ಸುರುಳಿಯನ್ನು ನನ್ನ ಮೊಣಕೈ ಕೆಳಗೆ ಇಟ್ಟು ಗುಂಡಿ ಒತ್ತಿದೆ. ಎ ಒತ್ತಿದಾಗ ಬೆರಳೆಲ್ಲ ಹಾರಿದವು. ಬಿ ಒತ್ತಿದಾಗ ಶಬ್ದ ಬಂತು, ಅಷ್ಟೆ.

26 ನವೆಂಬರ್, ಮಂಗಳವಾರ

ಅದಲುಬದಲು ಮಾಡಿದೆ. ಯಾವ ಸುರುಳಿ ಎಷ್ಟು ಸಲ ಹೊಡೆಯಿತೆಂದು ಯಂತ್ರ ಎಣಿಸುತ್ತದೆ, ಆದ್ದರಿಂದ ಅಮ್ಮನಿಗೆ ಎ ಕೊಡಬೇಕಾದರೆ ಇನ್ನೊಬ್ಬರಿಗೆ ಬಿ ಕೊಡಲೇಬೇಕು. ಮೇಷ್ಟರಿಗೆ ಕೊಟ್ಟೆ. ಅವರಿಗೆ ಮದುವೆ ಗೋಡೆಯಿಲ್ಲ. ತೋಟ ನೋಡಲು ಆಳುಗಳಿದ್ದಾರೆ. ಮೂರು ತಲೆಮಾರು ಅವರಿಗೆ ಸಿಕ್ಕಿದ್ದು ನಮಗೆ ಸಿಗಲಿಲ್ಲ, ಎರಡು ವಾರ ನಮಗೆ ಸಿಕ್ಕಿದ್ದು ಅವರಿಗೆ ಸಿಗದಿದ್ದರೆ ಆಕಾಶ ಬೀಳುವುದಿಲ್ಲ.

ದಾಖಲೆಯಲ್ಲಿ ಮಾತ್ರ ಅಮ್ಮನ ಮುಂದೆ ಬಿ, ಮೇಷ್ಟರ ಮುಂದೆ ಎ ಎಂದೇ ಬರೆದೆ.

3 ಡಿಸೆಂಬರ್, ಮಂಗಳವಾರ

ನಡೆಯುತ್ತಿದೆ. ಮನೆಯಲ್ಲಿ ಅಮ್ಮ ಎದ್ದಾಗಿನಿಂದ ಮಲಗುವವರೆಗೂ ಎಡಗೈ ಕಟ್ಟಿಯೇ ಇರುತ್ತದೆ. ಮರದ ತುಂಡು ಎತ್ತಿಡುವ ಪರೀಕ್ಷೆಯಲ್ಲಿ ಅಂಕ ಸ್ವಲ್ಪ ಇಳಿದಿದೆ. ಮೊದಲು ಇಳಿದು ಆಮೇಲೆ ಏರುವುದುಂಟು.

ಅಮ್ಮ ಈಗ ಊಟದ ಹೊತ್ತಿಗೆ ಒಂದೇ ಕರೆಗೆ ಬರುವುದಿಲ್ಲ. ಬಂದ ಮೇಲೆ ಹಟ ಮಾಡುವುದೂ ಇಲ್ಲ. ಒಳ್ಳೆಯದೇ.

6 ಡಿಸೆಂಬರ್, ಶುಕ್ರವಾರ

ಕೊನೆಯ ದಿನ. ಮೇಷ್ಟರು ಪೆನ್ನು ಹಿಡಿದು ತಮ್ಮ ಹೆಸರು ಬರೆದರು. ಮಹಾಲಕ್ಷ್ಮಮ್ಮ ಅತ್ತುಬಿಟ್ಟರು. ಸುಳ್ಳು ಸುರುಳಿಗೆ. ನನಗೆ ನಗುವೋ ಸಿಟ್ಟೋ ತಿಳಿಯಲಿಲ್ಲ.

ಅಮ್ಮ: ತುಂಡು ಎತ್ತಲಿಲ್ಲ. ಮುಷ್ಟಿ ಬಿಚ್ಚಲಿಲ್ಲ.

8 ಡಿಸೆಂಬರ್, ಭಾನುವಾರ

ಇಲ್ಲ.

20 ಡಿಸೆಂಬರ್, ಶುಕ್ರವಾರ

ರೋಗಿಗೆ ಉತ್ಸಾಹ ಕಡಿಮೆ. ಭುಜ ಬಿಗಿಯಾಗುತ್ತಿದೆ. ವ್ಯಾಯಾಮ ದಿನಕ್ಕೆ ಎರಡು ಸಲದಿಂದ ಮೂರು ಸಲಕ್ಕೆ ಏರಿಸಿದ್ದೇನೆ. ಮಾತಿಗೆ ಉತ್ತರವಿಲ್ಲ.

ಎರಡು ದಿನಕ್ಕೊಮ್ಮೆ ಚಿಕ್ಕಮ್ಮನ ಫೋನ್. “ಅಕ್ಕಂಗೆ ಕೊಡೇ, ಒಂದು ಮಾತಾಡ್ತೀನಿ” ಎನ್ನುತ್ತಾಳೆ. ಮಲಗಿದ್ದಾಳೆ ಎಂದು ಹೇಳಿ ಇಡುತ್ತೇನೆ. ಮಲಗಿಯೇ ಇರುತ್ತಾಳೆ, ಸುಳ್ಳಲ್ಲ.

6 ಜನವರಿ 2025, ಸೋಮವಾರ

ಡೈರಿಯ ವರ್ಷ ಮುಗಿದಿದೆ. ಹಿಂದೆ ಖಾಲಿ ಬಿಟ್ಟ ಪುಟಗಳು ಬೇಕಷ್ಟಿವೆ, ಅವುಗಳಲ್ಲೇ ಬರೆಯುತ್ತಿದ್ದೇನೆ.

ಬೆಂಗಳೂರಿನವರು ಮಧ್ಯಂತರ ಫಲಿತಾಂಶ ಕಳಿಸಿದ್ದಾರೆ. ಡಾಕ್ಟರ್ ಹರಿಪ್ರಸಾದ್ ಎಲ್ಲರಿಗೂ ಜಿಲೇಬಿ ತರಿಸಿದರು. ಬಹಳ ಜನರದ್ದು ಎಲ್ಲಿತ್ತೋ ಅಲ್ಲೇ. ಇಬ್ಬರಿಂದ ತಕ್ಕಡಿ ವಾಲಿದೆಯಂತೆ. ನಿಜದ ಸುರುಳಿ ಪಡೆದ ಒಬ್ಬರು ಪೂರಾ ಎದ್ದಿದ್ದಾರೆ, ಸುಳ್ಳು ಸುರುಳಿ ಪಡೆದ ಒಬ್ಬರು ಪೂರಾ ಇಳಿದಿದ್ದಾರೆ. “ಇಷ್ಟು ಸ್ವಚ್ಛವಾದ ವ್ಯತ್ಯಾಸ ನಾನು ಕಂಡಿಲ್ಲ” ಎಂದರು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಕ್ಷಮಿಸಿ. ನಿಮ್ಮಮ್ಮನ ಪಾಲಿಗೆ ಸುಳ್ಳದ್ದು ಬಂದಿತ್ತು ಅಂತ ಈಗ ಗೊತ್ತಾಯಿತು. ಬೇಸರ ಮಾಡ್ಕೋಬೇಡಿ.”

ಜಿಲೇಬಿ ತಿಂದೆ. ಇಡೀ ತಿಂದೆ. ಬೇಡ ಅಂದಿದ್ದರೆ ಯಾಕೆ ಎಂದು ಕೇಳುತ್ತಿದ್ದರು.

13 ಜನವರಿ, ಸೋಮವಾರ

ಮೇಷ್ಟರು ಬಾಳೆಗೊನೆ ತಂದರು, ಬಲಗೈಯಲ್ಲೇ ಹಿಡಿದು ತಂದರು. ಜೊತೆಗೆ ಕನ್ನಪ್ಪನೆಂಬುವವನನ್ನೂ ಕರೆತಂದಿದ್ದರು. ಅವರ ತೋಟದಲ್ಲಿ ಕೆಲಸ ಮಾಡುತ್ತಿದ್ದವನು, ಹುಂಚದ ಕಡೆಯವನು. ದೀಪಾವಳಿಯ ಹೊತ್ತಿಗೆ ಅವನಿಗೂ ಲಕ್ವ ಬಡಿದಿದೆ, ಬಲಗೈ ಅಮ್ಮನದರಂತೆಯೇ.

“ನನ್ನ ಕೈಯೇ ಜಾಹೀರಾತು ಮಗಳೇ. ಇವನನ್ನೂ ಆ ಕುರ್ಚಿಯಲ್ಲಿ ಕೂರಿಸು” ಎಂದರು ಮೇಷ್ಟರು.

ಕನ್ನಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ, ಎರಡೂ ಸೇರಿಸಿ ನನಗೆ ನಮಸ್ಕಾರ ಮಾಡಿದ. “ಮೇಷ್ಟ್ರಿಗೆ ಮಾಡಿದ್ದೇ ನಂಗೂ ಮಾಡಿ ಅಮ್ಮ, ಅದ್ಕಿಂತ ಹೆಚ್ಚಿಂದು ಬ್ಯಾಡ” ಅಂದ.

20 ಜನವರಿ, ಸೋಮವಾರ

ಕನ್ನಪ್ಪನ ಅಳತೆ ಆಯಿತು. ಒಳ್ಳೆಯ ಅರ್ಧಕ್ಕೆ ಹೊಡೆದಾಗ ಅವನ ಕೆಟ್ಟ ಕೈಯಲ್ಲೂ ಸಣ್ಣ ಅಲೆ ಬಂತು. ಅಳಿಸಲು ಹೋದೆ. ಡಾಕ್ಟರ್ ಹಿಂದೆ ನಿಂತಿದ್ದರು, “ಇರಿ” ಎಂದರು.

ಅಮ್ಮನ ಕಡತ ತೆರೆಯಲು ಹೇಳಿದರು. ನಾನು ಅಳಿಸಿದ್ದು ನಿಜವಾಗಿ ಅಳಿದಿರಲಿಲ್ಲ, ಯಂತ್ರ ಅವನ್ನು ಪಕ್ಕಕ್ಕಿಟ್ಟಿತ್ತು. ಡಾಕ್ಟರ್ ಎಲ್ಲ ಗೆರೆಗಳನ್ನೂ ಒಂದರ ಮೇಲೊಂದು ಪೇರಿಸಿದರು. ಅಲೆಗಳೆಲ್ಲ ಒಂದೇ ಜಾಗದಲ್ಲಿ ಕೂತವು. ಗದ್ದಲ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವುದಿಲ್ಲ. ಮೊದಲ ವರ್ಷದ ಹುಡುಗಿಗೂ ಗೊತ್ತಿರುವ ವಿಷಯ.

“ಪೆಟ್ಟು ದೊಡ್ಡದಾದಾಗ ಕೆಲವರಲ್ಲಿ ಹೀಗಾಗುತ್ತೆ” ಎಂದರು. “ಒಳ್ಳೆಯ ಅರ್ಧ ಬಿದ್ದದ್ದನ್ನ ತುಳಿಯಲ್ಲ, ಅದರ ಕೆಲಸವನ್ನ ತಾನು ಹೊರುತ್ತೆ. ನಿಮ್ಮಮ್ಮನಿಗೆ ಉಳಿದಿದ್ದ ಅಷ್ಟಿಷ್ಟು ಕೈ ಬರ್ತಿದ್ದದ್ದು ಆ ಕಡೆಯಿಂದಲೇ ಅಂತ ಕಾಣುತ್ತೆ. ಅಂಥವರಲ್ಲಿ ಅದನ್ನೇ ಮಂಕು ಮಾಡಿದರೆ ಇದ್ದದ್ದೂ ಹೋಗಬಹುದು. ಪುಣ್ಯಕ್ಕೆ ಅವರಿಗೆ ಸುಳ್ಳು ಸುರುಳಿ ಬಂದಿತ್ತು ಸುಷ್ಮಾ.”

ನಾನು ಪರದೆಯನ್ನೇ ನೋಡುತ್ತಿದ್ದೆ.

ಡಾಕ್ಟರ್ ಗಲ್ಲ ಉಜ್ಜಿಕೊಂಡು ಮತ್ತೆ ಹೇಳಿದರು: “ಆದರೆ ಸುಳ್ಳದ್ದು ಹಾಕಿಸಿಕೊಂಡೂ ಅವರ ಕೈ ಹೋಯಿತಲ್ಲ. ಅಂದರೆ ಈ ಅಲೆಗೆ ನಾವು ಅಂದುಕೊಂಡಷ್ಟು ಬೆಲೆ ಇಲ್ಲವೇನೋ. ಕನ್ನಪ್ಪನನ್ನ ತೆಗೆದುಕೊಳ್ಳೋಣ. ಬುಧವಾರ ಶುರು ಮಾಡಿ.”

ಮನೆಗೆ ಬಂದೆ. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ದುಪಟ್ಟಾ ಬಿಚ್ಚಿದೆ. ಎಡಗೈಯನ್ನು ಎಲ್ಲಿಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ, ಸೊಂಟದ ಹತ್ತಿರವೇ ಇಟ್ಟುಕೊಂಡಳು.

21 ಜನವರಿ, ಮಂಗಳವಾರ

ಕೈಯನ್ನು ಕೊಂದದ್ದು ಸುರುಳಿಯೋ, ಕಟ್ಟಿದ ದುಪಟ್ಟಾವೋ, ಚಿಕ್ಕಮ್ಮನನ್ನು ಬಸ್ಸು ಹತ್ತಿಸಿದ್ದೋ ಎಂದು ನನಗೆ ಯಾವತ್ತೂ ತಿಳಿಯುವುದಿಲ್ಲ. ಎಲ್ಲವನ್ನೂ ಒಂದೇ ಹೊತ್ತಿಗೆ ಮಾಡಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು. ಸಂಶೋಧನೆಯ ಮೊದಲ ಪಾಠ ಇದು. ಅಮ್ಮನ ಕೈಯನ್ನೂ ಕಳೆದೆ, ಅದರಿಂದ ಕಲಿಯಬಹುದಾದ್ದನ್ನೂ ಕಳೆದೆ.

ಮಧ್ಯಾಹ್ನ ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಕೂರಲಿಲ್ಲ, ನಿಂತೇ ಹೇಳಿದೆ. ಮೊದಲು ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದರು. ಆಮೇಲೆ ಕನ್ನಡಕ ತೆಗೆದರು.

“ಗಣೇಶಮೂರ್ತಿಯವರಿಗೆ ಕೊಟ್ಟಿದ್ದು?”

“ಸುಳ್ಳದ್ದು ಸರ್.”

“ಅಂದರೆ ನಿಮ್ಮಮ್ಮನಿಗೆ” ಎಂದು ಶುರುಮಾಡಿ ನಿಲ್ಲಿಸಿದರು. ಕಿಟಕಿಯ ಕಡೆ ನೋಡುತ್ತಾ, “ನೀವು ಹೇಳದೆ ಇದ್ದಿದ್ದರೆ ನಾನು ಇದನ್ನ ಊರೂರಿಗೆ ಹೇಳ್ತಿದ್ದೆ” ಎಂದರು. ಬೆಂಗಳೂರಿಗೆ ಬರೆಯುತ್ತಾರಂತೆ. ಅಧ್ಯಯನ ಸದ್ಯಕ್ಕೆ ನಿಲ್ಲುತ್ತದೆ. ಫೆಬ್ರವರಿ ಮುಗಿಯುವವರೆಗೆ ನಾನು ಆಸ್ಪತ್ರೆಯ ಬೇರೆ ಕೆಲಸ ನೋಡಿಕೊಂಡಿದ್ದು ಆಮೇಲೆ ಹೋಗಬೇಕು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು.

22 ಜನವರಿ, ಬುಧವಾರ

ಕನ್ನಪ್ಪನನ್ನು ಮರಳಿ ಕಳಿಸುವ ಕೆಲಸ ನನ್ನದೇ ಆಯಿತು. ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಈ ಚಿಕಿತ್ಸೆ ನಿನಗೆ ಕೆಡುಕು ಮಾಡಬಹುದು, ವ್ಯಾಯಾಮ ಹೇಳಿಕೊಡುತ್ತೇನೆ ಎಂದೆ. ನೆಲ ನೋಡುತ್ತಾ ಕೇಳಿಸಿಕೊಂಡ. “ತೋಟದೋರಿಗೆ ಆತದೆ, ನಮ್ಮಂಥೋರಿಗೆ ಕೆಡುಕಾತದೆ. ಆತು ಬಿಡಿ ಅಮ್ಮ” ಅಂದ. ವ್ಯಾಯಾಮ ಕಲಿಯಲು ನಿಲ್ಲಲಿಲ್ಲ.

ಸಂಜೆ ಮೇಷ್ಟರ ಮನೆಗೆ ಹೋದೆ. ಮೊದಲ ದಿನ ಬಿಟ್ಟರೆ ನಿಮಗೆ ಸಿಕ್ಕಿದ್ದು ಬರೀ ಶಬ್ದ, ನಿಮ್ಮ ಪಾಲಿನದ್ದನ್ನು ನಾನು ಕದ್ದೆ ಎಂದು ಬಾಯಿಬಿಟ್ಟು ಹೇಳಿದೆ. ಮೇಷ್ಟರು ನಕ್ಕುಬಿಟ್ಟರು. ಬಲಗೈಯನ್ನು ನನ್ನ ಮುಖದ ಮುಂದೆ ಚಾಚಿ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿದರು. “ಇದು ಬರೀ ಶಬ್ದಕ್ಕೆ ಎದ್ದಿದ್ದಾ? ನಿನಗೆ ಕೆಲಸದ ಒತ್ತಡ ಹೆಚ್ಚಾಗಿದೆ ಮಗಳೇ.” ಒಳಗೆ ತಿರುಗಿ, “ಕೇಳ್ತಾ, ಈ ಕೂಸಿಗೆ ಒಂದು ಲೋಟ ಕಷಾಯ ಕೊಡು” ಎಂದರು. ಮಹಾಲಕ್ಷ್ಮಮ್ಮ ತಂದುಕೊಟ್ಟರು. ಕುಡಿದು ಬಂದೆ. ಕದ್ದವಳಿಗೆ ಸಿಕ್ಕಿದ್ದು ಹಾಲು ಹಾಕಿದ ಕಷಾಯ.

26 ಜನವರಿ, ಭಾನುವಾರ, ಹೊಸನಗರ

ಅಮ್ಮನನ್ನು ಊರಿಗೆ ತಂದುಬಿಟ್ಟೆ. ಫೋನ್ ಮಾಡಿದ್ದೇ ತಡ, ಚಿಕ್ಕಮ್ಮ ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಅಂಗಳದಲ್ಲಿ ಅಮ್ಮನ ಕೈ ಹಿಡಿದು ನೋಡಿದಳು, ಭುಜ ಮುಟ್ಟಿದಳು, ನನ್ನನ್ನು ನೋಡಿದಳು. ಒಂದು ಮಾತಾದರೂ ಬೈಯುತ್ತಾಳೆಂದು ಕಾದೆ. “ಬಾ ಅಕ್ಕ, ಕೈಕಾಲು ತೊಳ್ಕ” ಎಂದು ಅವಳನ್ನು ಒಳಗೆ ಕರೆದೊಯ್ದಳು.

ಊಟವಾದ ಮೇಲೆ ಅಮ್ಮನ ಕಾಲ ಬುಡದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಸುರುಳಿ, ಅದಲುಬದಲು, ಅಲೆ. ಅರ್ಥವಾಗುವಂತೆ ಹೇಳಲು ಬಹಳ ಹೊತ್ತು ಹಿಡಿಯಿತು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಡಿಸೆಂಬರಿನಿಂದ ಅವಳ ಬಾಯಿಂದ ಪೂರಾ ವಾಕ್ಯ ಬಂದಿರಲಿಲ್ಲ.

“ಮೇಷ್ಟ್ರ ಕೈ ಸುಮ್ನೆ ಬಂತಾ?” ಅಂದಳು.

“ಹೂಂ. ಸುಮ್ಮನೆ ಬಂತು.”

“ಹಂಗಾರೆ ನಂದೂ ಸುಮ್ನೆ ಬಿಟ್ಟಿದ್ರೆ ಬರ್ತಿತ್ತೇನೋ.”

ಬರುತ್ತಿರಲಿಲ್ಲ, ನಿನ್ನ ಪೆಟ್ಟು ದೊಡ್ಡದು ಎಂದು ಹೇಳಬೇಕೆಂದಿದ್ದೆ. ಆದರೆ ಅದು ನಿಜವೋ ಎಂದು ನನಗೇ ಗೊತ್ತಿಲ್ಲ.

ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅಮ್ಮನ ಮಾತಿಗೆ ಅವಳು ಏನೂ ಸೇರಿಸಲಿಲ್ಲ.

9 ಫೆಬ್ರವರಿ, ಭಾನುವಾರ, ಹೊಸನಗರ

ಮದುವೆ ಮುಗಿಯಿತು. ಹಸೆಗೋಡೆಯನ್ನು ಚಿಕ್ಕಮ್ಮ ಬರೆದಳು. ಅಮ್ಮನನ್ನು ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿಕೊಂಡು, ಅವಳ ಬಲಗೈಗೆ ಕುಂಚ ಸಿಕ್ಕಿಸಿ, ಮೊದಲ ಎಳೆಯಾದರೂ ಎಳೆಸಲು ನೋಡಿದಳು. ಅಮ್ಮ ಎಡಗೈಯನ್ನೂ ಗಾಳಿಯಲ್ಲಿ ಎಳೆದಳು. ಎಡಗೈ ಹೋಯಿತು. ಬಲಗೈ ಬರಲಿಲ್ಲ. ಕುಂಚ ನೆಲಕ್ಕೆ ಬಿತ್ತು, ಹೊಸ ಸೀರೆಯ ಮೇಲೆ ಬಿಳಿ ಸಿಡಿಯಿತು.

ನಾನು ಹೋಗಿ ಕೈ ಹಿಡಿಯಲು ಬಾಗಿದೆ. “ನೀ ಮುಟ್ಬ್ಯಾಡ” ಅಂದಳು ಅಮ್ಮ. ಸಿಟ್ಟಿನಿಂದಲ್ಲ. ಬಿಸಿ ಪಾತ್ರೆಯ ಹತ್ತಿರ ಬಂದ ಮಗುವಿಗೆ ಹೇಳುವ ದನಿಯಲ್ಲಿ.

ಚಿಕ್ಕಮ್ಮ ಎರಡೂ ತುದಿಯಿಂದ ತಾನೇ ಬರೆದಳು. ಒಂದು ತುದಿಯಿಂದ ನಡುವಿನವರೆಗೆ ಎಳೆದು, ಎದ್ದುಹೋಗಿ, ಇನ್ನೊಂದು ತುದಿಯಿಂದ ಎಳೆಯುತ್ತಿದ್ದಳು. ಕೂಡಿದ ಜಾಗಗಳೆಲ್ಲ ಗೊತ್ತಾಗುತ್ತಿದ್ದವು. ಬಂದವರು ಚೆನ್ನಾಗಿದೆ ಎಂದರು.

28 ಫೆಬ್ರವರಿ, ಶುಕ್ರವಾರ, ಸಾಗರ

ಆಸ್ಪತ್ರೆಯ ಕೆಲಸ ಇವತ್ತಿಗೆ ಮುಗಿಯಿತು. ಮನೆ ಖಾಲಿ ಮಾಡುತ್ತಿದ್ದೇನೆ. ಮಾಲೀಕರು ಸುಣ್ಣ ಹೊಡೆಯಲು ಶಿವು ಎಂಬವನನ್ನು ಬೆಳಗ್ಗೆಯೇ ಕಳಿಸಿದ್ದರು.

ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸರಿಸಿದಾಗ ಹಿಂದೆ ಗೋಡೆಯ ಮೇಲೆ ಗೇಣುದ್ದದ ಕೆಮ್ಮಣ್ಣಿನ ಗೆರೆ ಇತ್ತು. ಅವತ್ತು ನನ್ನ ಬಟ್ಟೆ ಅಷ್ಟು ಹಿಂದೆ ಹೋಗಿರಲಿಲ್ಲ. ಅಮ್ಮನ ತುದಿ. ಶುರುವಿನಲ್ಲಿ ನಡುಗಿದೆ, ಎರಡು ಕಡೆ ದಪ್ಪಗಾಗಿದೆ. ಕೊನೆಯ ನಾಲ್ಕು ಬೆರಳು ಅಗಲ ನೆಟ್ಟಗಿದೆ. ಅವತ್ತು ಅಲ್ಲೇ ನಿಂತು ಒರೆಸಿದ್ದೆ, ಇದನ್ನು ನೋಡಿರಲಿಲ್ಲ.

ಶಿವುವನ್ನು ಚಹಾ ಕುಡಿದು ಬಾ ಎಂದು ಕಳಿಸಿದೆ. ಚಿಕ್ಕಮ್ಮ ಬಿಟ್ಟುಹೋದ ಮಣ್ಣಿನ ಉಂಡೆ ಮೂಲೆಯ ಡಬ್ಬಿಯಲ್ಲಿತ್ತು. ನೆನೆಸಿದೆ. ಕುಂಚ ಒಣಗಿ ಕಡ್ಡಿಯಾಗಿತ್ತು, ಆದರೂ ಅದ್ದಿ, ಚಿಕ್ಕಮ್ಮ ಬರೆದಿದ್ದ ಬದಿಯಿಂದ ಅಮ್ಮನ ಗೆರೆಯ ಕಡೆಗೆ ಎಳೆಯುತ್ತಾ ಬಂದೆ. ನನ್ನ ಎರಡೂ ಅರ್ಧ ಒಳ್ಳೆಯವೇ, ಕೈಯಲ್ಲಿ ಯಾವ ದೋಷವೂ ಇಲ್ಲ. ಗೆರೆ ಅಮ್ಮನದ್ದಕ್ಕಿಂತ ಸೊಟ್ಟಗೆ ಬಂತು. ಅವಳ ಗೆರೆ ನಿಂತ ಕಡೆ ಸೇರಲಿಲ್ಲ, ಎರಡು ಬೆರಳು ಕೆಳಗಿಂದ ದಾಟಿಹೋಯಿತು.

ಶಿವು ಬಂದು ಬಕೆಟ್ ಕೆಳಗಿಟ್ಟು ನೋಡಿದ. “ಇದ್ರ ಮೇಲೆ ಹೊಡೀಲಾ ಅಕ್ಕ, ಬಿಡ್ಲಾ?” ಎಂದು ಕೇಳಿದ.

ನನ್ನದನ್ನು ನಾನೇ ಒರೆಸಿದೆ. ಅಮ್ಮನದರ ಮೇಲೆ ಅವನು ಸುಣ್ಣ ಹೊಡೆದ. ಮೊದಲ ಕೈಯಲ್ಲಿ ಮುಚ್ಚಲಿಲ್ಲ, ಕೆಂಪು ಹಾಗೇ ಕಾಣುತ್ತಿತ್ತು. ಇನ್ನೊಂದು ಕೈ ಹೊಡಿ ಎಂದು ನಾನೇ ಹೇಳಬೇಕಾಯಿತು.